ನಿರ್ಮಾಣ ಸ್ಥಳದ ಹೂಳು ತಡೆ ಕೊಳ

ಹೂಳು ತಡೆ ಕೊಳವು ಕಟ್ಟಡ, ರಸ್ತೆ, ಬಡಾವಣೆ ಮೊದಲಾದ ನಿರ್ಮಾಣ ಕಾಮಗಾರಿ ನಡೆಯುವ ಸ್ಥಳದಿಂದ ಮಳೆನೀರಿನೊಡನೆ ಕೊಚ್ಚಿಬರುವ ಮಣ್ಣನ್ನು ತಡೆದು ನಿಲ್ಲಿಸಲು ಆ ಸ್ಥಳದ ತಗ್ಗು ಭಾಗದಲ್ಲಿ ರಚಿಸಲಾಗುವ ತಾತ್ಕಾಲಿಕ ಕೊಳವಾಗಿದೆ. ನೆಲವನ್ನು ಅಗೆದೋ, ತಗ್ಗಿನ ಬದಿಗೆ ಮಣ್ಣಿನ ಏರಿ ಹಾಕಿಯೋ, ಅಥವಾ ಎರಡನ್ನೂ ಸೇರಿಸಿಯೋ ಇದನ್ನು ನಿರ್ಮಿಸುತ್ತಾರೆ. ಬಗ್ಗಡದ ನೀರು ಇದರೊಳಗೆ ಕೆಲವು ಹೊತ್ತು ನಿಂತಾಗ ಅದರಲ್ಲಿನ ಮಣ್ಣಿನ ಕಣಗಳು ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿನೀರು ನಿಧಾನವಾಗಿ ಹೊರಗೆ ಹರಿದು ಹಳ್ಳ, ಚರಂಡಿ ಅಥವಾ ಕೆರೆಯನ್ನು ಸೇರುತ್ತದೆ.

ನೋಡಲು ಇದು ಸಣ್ಣ ಕಟ್ಟೆಯಂತೆ ಕಂಡರೂ ಕೆರೆಕಟ್ಟೆಗಳ ವಿನ್ಯಾಸಕ್ಕಿಂತ ಇದರ ವಿನ್ಯಾಸ ಭಿನ್ನವಾದುದು. ಕೆರೆಯ ಉದ್ದೇಶ ನೀರನ್ನು ಉಳಿಸಿಕೊಳ್ಳುವುದು. ಈ ಕೊಳದ ಉದ್ದೇಶ ಮಣ್ಣನ್ನು ಉಳಿಸಿಕೊಂಡು ನೀರನ್ನು ಬಿಟ್ಟುಕೊಡುವುದು. ಆದ್ದರಿಂದ ಎಷ್ಟು ನೀರು ಹಿಡಿಯುತ್ತದೆ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ನೀರಿನ ಮೇಲ್ಮೈ ಎಷ್ಟು ವಿಶಾಲವಾಗಿದೆ, ಒಳಗಿನ ನೀರು ಎಷ್ಟು ಶಾಂತವಾಗಿದೆ ಮತ್ತು ಯಾವ ಮಟ್ಟದಿಂದ ನೀರನ್ನು ಹೊರಬಿಡಲಾಗುತ್ತದೆ ಎಂಬ ಸಂಗತಿಗಳು ಇಲ್ಲಿ ಮುಖ್ಯವಾಗುತ್ತವೆ.

ಹಿನ್ನೆಲೆ

ಹುಲ್ಲು, ಗಿಡ, ಬೇರುಗಳ ಹೊದಿಕೆಯಿರುವ ನೆಲಕ್ಕೆ ಬಿದ್ದ ಮಳೆಹನಿಯು ತನ್ನ ಬಲವನ್ನು ಎಲೆ ಮತ್ತು ತರಗಿನ ಮೇಲೆಯೇ ಕಳೆದುಕೊಳ್ಳುತ್ತದೆ. ನಿರ್ಮಾಣಕ್ಕಾಗಿ ಆ ಹೊದಿಕೆಯನ್ನು ತೆಗೆದಾಗ ಹನಿ ನೇರವಾಗಿ ಮಣ್ಣಿಗೆ ಬಡಿದು ಕಣಗಳನ್ನು ಬಿಡಿಸುತ್ತದೆ. ಭಾರಿ ವಾಹನಗಳ ಓಡಾಟದಿಂದ ನೆಲ ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಗುವುದರಿಂದ ಮೇಲೆ ಹರಿಯುವ ನೀರೂ ಹೆಚ್ಚುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾಹಿತಿ ಪತ್ರವೊಂದರ ಪ್ರಕಾರ ನಿರ್ಮಾಣ ಸ್ಥಳಗಳಿಂದ ಕೊಚ್ಚಿಹೋಗುವ ಮಣ್ಣಿನ ಪ್ರಮಾಣವು ಸಾಮಾನ್ಯವಾಗಿ ಕೃಷಿಭೂಮಿಯದಕ್ಕಿಂತ 10ರಿಂದ 20 ಪಟ್ಟು, ಕಾಡಿನ ನೆಲದ್ದಕ್ಕಿಂತ 1,000ದಿಂದ 2,000 ಪಟ್ಟು ಹೆಚ್ಚು.

ಹೀಗೆ ಹೋದ ಮಣ್ಣು ಕೆಳಗಿನ ಚರಂಡಿಗಳನ್ನು ಕಟ್ಟಿಸಿ ನೆರೆಗೆ ಕಾರಣವಾಗುತ್ತದೆ. ಕೆರೆಗಳ ಧಾರಣಶಕ್ತಿಯನ್ನು ಕುಗ್ಗಿಸುತ್ತದೆ. ನೀರಿನಲ್ಲಿ ತೇಲುವ ಸಣ್ಣ ಕಣಗಳು ಬೆಳಕನ್ನು ತಡೆದು ಜಲಸಸ್ಯಗಳನ್ನು ಕುಂಠಿತಗೊಳಿಸುತ್ತವೆ, ಮೀನಿನ ಕಿವಿರುಗಳಿಗೆ ಅಂಟುತ್ತವೆ, ತಳದ ಜಲ್ಲಿಯ ಸಂದುಗಳಲ್ಲಿಟ್ಟ ಮೀನಿನ ಮೊಟ್ಟೆಗಳನ್ನು ಮುಚ್ಚಿಹಾಕುತ್ತವೆ. ರಂಜಕ ಮತ್ತು ಕೆಲವು ಲೋಹಗಳು ಈ ಕಣಗಳಿಗೆ ಅಂಟಿಕೊಂಡೇ ಸಾಗುವುದರಿಂದ ಮಣ್ಣಿನೊಡನೆ ಮಾಲಿನ್ಯವೂ ಹರಿದುಬರುತ್ತದೆ.

1960ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಗರಗಳ ಸುತ್ತ ಹೊಸ ಬಡಾವಣೆಗಳು ವೇಗವಾಗಿ ಏಳುತ್ತಿದ್ದಾಗ ಭೂಗೋಳಶಾಸ್ತ್ರಜ್ಞ ಗಾರ್ಡನ್ ವೋಲ್ಮನ್ ಈ ಸಮಸ್ಯೆಯನ್ನು ಅಧ್ಯಯನ ಮಾಡಿದರು. ಕಾಡಾಗಿದ್ದ ನೆಲ ಹೊಲವಾದಾಗ ಮಣ್ಣಿನ ಸವಕಳಿ ಏರುತ್ತದೆ, ನಿರ್ಮಾಣದ ಅಲ್ಪಾವಧಿಯಲ್ಲಿ ಅದು ಶಿಖರ ಮುಟ್ಟುತ್ತದೆ, ರಸ್ತೆ ಮತ್ತು ಚಾವಣಿಗಳಿಂದ ನೆಲ ಮುಚ್ಚಿದ ಮೇಲೆ ಮತ್ತೆ ಇಳಿಯುತ್ತದೆ ಎಂಬ ಅವರ ವಿವರಣೆ 1967ರಲ್ಲಿ ಪ್ರಕಟವಾಯಿತು. ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯವು 1970ರಲ್ಲಿ ಹೂಳು ನಿಯಂತ್ರಣ ಕಾನೂನನ್ನು ತಂದಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ಇಂತಹ ಕಾನೂನು ಅಮೆರಿಕದಲ್ಲಿ ಅದೇ ಮೊದಲನೆಯದು.

ಕಣದ ಗಾತ್ರ ಮತ್ತು ಇಳಿಯುವ ವೇಗ

ಕೊಳದ ವಿನ್ಯಾಸದ ಮೂಲದಲ್ಲಿರುವುದು ಒಂದೇ ಪ್ರಶ್ನೆ: ಯಾವ ಗಾತ್ರದ ಕಣವನ್ನು ಹಿಡಿಯಬೇಕು? ಸಣ್ಣ ಕಣವೊಂದು ನಿಂತ ನೀರಿನಲ್ಲಿ ಇಳಿಯುವ ವೇಗವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ನೀಡಿದ ನಿಯಮದಿಂದ ಲೆಕ್ಕ ಹಾಕಬಹುದು. ಆ ನಿಯಮದ ಪ್ರಕಾರ ಇಳಿಯುವ ವೇಗವು ಕಣದ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಹತ್ತರಲ್ಲೊಂದು ಭಾಗವಾದರೆ ವೇಗ ನೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ.

ಇದರ ಪರಿಣಾಮವನ್ನು ಅಂಕಿಗಳಲ್ಲಿ ಕಾಣುವುದು ಸುಲಭ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ 0.1 ಮಿಲಿಮೀಟರ್ ವ್ಯಾಸದ ನುಣುಪು ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. 0.02 ಮಿಲಿಮೀಟರಿನ ಗೋಡುಮಣ್ಣಿನ ಕಣವು ಸೆಕೆಂಡಿಗೆ ಸುಮಾರು 0.36 ಮಿಲಿಮೀಟರಿನಂತೆ ಇಳಿದು ಅಷ್ಟೇ ಆಳಕ್ಕೆ ಸುಮಾರು 46 ನಿಮಿಷ ತೆಗೆದುಕೊಳ್ಳುತ್ತದೆ. 0.002 ಮಿಲಿಮೀಟರಿನ ಜೇಡಿಯ ಕಣಕ್ಕೆ ಮೂರು ದಿನಗಳಿಗೂ ಮೀರಿ ಸಮಯ ಬೇಕು. ಅದಕ್ಕಿಂತ ಸಣ್ಣದಾದ 0.0005 ಮಿಲಿಮೀಟರಿನ ಕಣ ಲೆಕ್ಕದ ಪ್ರಕಾರ ಸುಮಾರು 50 ದಿನ ತೇಲುತ್ತಿರುತ್ತದೆ. ವಾಸ್ತವದಲ್ಲಿ ಗಾಳಿ ಮತ್ತು ಉಷ್ಣತೆಯ ವ್ಯತ್ಯಾಸದಿಂದ ನೀರು ಅಲುಗುವುದರಿಂದ ಅದು ಇಳಿಯುವುದೇ ಇಲ್ಲವೆನ್ನಬಹುದು. ನೀರು ಬೆಚ್ಚಗಿದ್ದಷ್ಟೂ ಸ್ನಿಗ್ಧತೆ ಕಡಿಮೆಯಾಗಿ ಕಣಗಳು ಬೇಗ ಇಳಿಯುತ್ತವೆ. 30 ಡಿಗ್ರಿ ನೀರಿನಲ್ಲಿ ಈ ವೇಗ 20 ಡಿಗ್ರಿಯಲ್ಲಿರುವುದಕ್ಕಿಂತ ಸುಮಾರು ಕಾಲುಭಾಗ ಹೆಚ್ಚು. ಚಳಿ ದೇಶಗಳಿಗಾಗಿ ಬರೆದ ಕೋಷ್ಟಕಗಳನ್ನು ಉಷ್ಣವಲಯದಲ್ಲಿ ಬಳಸಿದರೆ ಕೊಳ ಅಗತ್ಯಕ್ಕಿಂತ ತುಸು ದೊಡ್ಡದಾಗುತ್ತದೆ, ಅದರಿಂದ ತೊಂದರೆಯೇನಿಲ್ಲ.

ಸ್ಥಳದ ಮಣ್ಣಿನ ಸ್ವಭಾವವನ್ನು ಅರಿಯಲು ಪ್ರಯೋಗಾಲಯದ ಪರೀಕ್ಷೆಗೆ ಮುನ್ನ ಸರಳ ವಿಧಾನವೊಂದಿದೆ. ಹಿಡಿ ಮಣ್ಣನ್ನು ಗಾಜಿನ ಜಾಡಿಯಲ್ಲಿ ಅಲ್ಲಿಯದೇ ನೀರಿನೊಡನೆ ಕಲಕಿ ಇಟ್ಟರೆ ಮರಳು ನಿಮಿಷದೊಳಗೆ ತಳ ಸೇರುತ್ತದೆ, ಗೋಡು ಒಂದೆರಡು ಗಂಟೆಯಲ್ಲಿ ಅದರ ಮೇಲೆ ಪದರವಾಗುತ್ತದೆ. ಮರುದಿನವೂ ನೀರು ಚಹಾದ ಬಣ್ಣದಲ್ಲೇ ಉಳಿದಿದ್ದರೆ ಆ ಮಣ್ಣಿಗೆ ಬರಿಯ ಕೊಳ ಸಾಲದು ಎಂದು ತಿಳಿಯಬಹುದು.

ವಿಸ್ತೀರ್ಣದ ಲೆಕ್ಕ

ಕೊಳವನ್ನು ಆಳವಾಗಿ ತೋಡಿದಷ್ಟೂ ಹೆಚ್ಚು ಹೂಳು ಇಳಿಯುತ್ತದೆ ಎಂಬ ಅಭಿಪ್ರಾಯ ಸಾಮಾನ್ಯವಾದುದು, ಆದರೆ ಅದು ಸರಿಯಲ್ಲ. ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ 1904ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದಾರೆ. ಆಳವನ್ನು ಎರಡರಷ್ಟು ಮಾಡಿದರೆ ನೀರು ಕೊಳದಲ್ಲಿ ಎರಡರಷ್ಟು ಹೊತ್ತು ನಿಲ್ಲುತ್ತದೆ. ಆದರೆ ಕಣ ಇಳಿಯಬೇಕಾದ ದೂರವೂ ಎರಡರಷ್ಟಾಗುತ್ತದೆ. ಒಂದು ಇನ್ನೊಂದನ್ನು ರದ್ದುಗೊಳಿಸುತ್ತದೆ. ಮೇಲ್ಮೈ ವಿಸ್ತೀರ್ಣವನ್ನು ಹೆಚ್ಚಿಸಿದರೆ ಮಾತ್ರ ದೂರ ಹೆಚ್ಚದೆ ಸಮಯ ಹೆಚ್ಚುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ತೊಟ್ಟಿಗಳ ಕುರಿತು ಬೆಳೆದ ಈ ತತ್ತ್ವವೇ ನಿರ್ಮಾಣ ಸ್ಥಳದ ಕೊಳಕ್ಕೂ ಅನ್ವಯಿಸುತ್ತದೆ. ಆಳ ನಿರುಪಯುಕ್ತವೇನಲ್ಲ, ಇಳಿದ ಹೂಳಿಗೆ ಜಾಗ ಬೇಕು, ಇಳಿದದ್ದನ್ನು ಹರಿವು ಮತ್ತೆ ಕೆದಕದಂತೆ ಮೇಲೆ ಒಂದಿಷ್ಟು ನಿಂತ ನೀರೂ ಬೇಕು.

ಅಮೆರಿಕದ ಹಲವು ಕೈಪಿಡಿಗಳು ಬಳಸುವ ಸೂತ್ರ ಹೀಗಿದೆ:

ಮೇಲ್ಮೈ ವಿಸ್ತೀರ್ಣ = 1.2 × ಗರಿಷ್ಠ ಹರಿವು ÷ ಕಣ ಇಳಿಯುವ ವೇಗ

ಇಲ್ಲಿ 1.2 ಎಂಬುದು ಕೊಳದ ನೀರು ಎಂದಿಗೂ ಪೂರ್ತಿ ಶಾಂತವಾಗಿರುವುದಿಲ್ಲ ಎಂಬ ಕಾರಣಕ್ಕೆ ಸೇರಿಸಿದ ಸುರಕ್ಷಾ ಗುಣಕ. ಗರಿಷ್ಠ ಹರಿವನ್ನು ಸಣ್ಣ ಪ್ರದೇಶಗಳಲ್ಲಿ ಸಾಮಾನ್ಯವಾಗಿ ತಾರ್ಕಿಕ ವಿಧಾನ ಎಂದು ಹೆಸರಾದ ಲೆಕ್ಕದಿಂದ ಪಡೆಯುತ್ತಾರೆ: ಮೇಲೆ ಹರಿದುಹೋಗುವ ನೀರಿನ ಪಾಲು, ಗಂಟೆಗೆ ಮಿಲಿಮೀಟರುಗಳಲ್ಲಿ ಮಳೆಯ ತೀವ್ರತೆ ಮತ್ತು ಹೆಕ್ಟೇರುಗಳಲ್ಲಿ ವಿಸ್ತೀರ್ಣ ಇವನ್ನು ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಘನ ಮೀಟರುಗಳಲ್ಲಿ ಹರಿವು ದೊರೆಯುತ್ತದೆ.

ಉದಾಹರಣೆಗೆ 2 ಹೆಕ್ಟೇರಿನ ನಿರ್ಮಾಣ ಸ್ಥಳವೊಂದನ್ನು ತೆಗೆದುಕೊಳ್ಳಬಹುದು. ಬಿದ್ದ ಮಳೆಯಲ್ಲಿ ಅರ್ಧ ಮೇಲೆ ಹರಿಯುತ್ತದೆ ಮತ್ತು ವಿನ್ಯಾಸಕ್ಕೆ ಆರಿಸಿದ ಮಳೆಯ ತೀವ್ರತೆ ಗಂಟೆಗೆ 60 ಮಿಲಿಮೀಟರ್ ಎಂದಿಟ್ಟುಕೊಂಡರೆ ಹರಿವು ಸೆಕೆಂಡಿಗೆ 0.167 ಘನ ಮೀಟರ್, ಎಂದರೆ ಸುಮಾರು 167 ಲೀಟರ್ ಆಗುತ್ತದೆ. 0.02 ಮಿಲಿಮೀಟರ್ ಹಾಗೂ ಅದಕ್ಕಿಂತ ದೊಡ್ಡ ಕಣಗಳನ್ನು ಹಿಡಿಯಬೇಕಾದರೆ ಸೂತ್ರದ ಪ್ರಕಾರ ಸುಮಾರು 556 ಚದರ ಮೀಟರ್ ಮೇಲ್ಮೈ ಬೇಕು. 14 ಮೀಟರ್ ಅಗಲ, 42 ಮೀಟರ್ ಉದ್ದದ ಕೊಳ ಇದಕ್ಕೆ ಸಾಕು. ಇದೇ ಸ್ಥಳದಲ್ಲಿ 0.002 ಮಿಲಿಮೀಟರಿನ ಜೇಡಿಯನ್ನೂ ಬರಿಯ ಇಳಿಕೆಯಿಂದಲೇ ಹಿಡಿಯುತ್ತೇವೆಂದು ಹೊರಟರೆ ವಿಸ್ತೀರ್ಣ ನೂರು ಪಟ್ಟು ಹೆಚ್ಚಿ ಸುಮಾರು ಐದೂವರೆ ಹೆಕ್ಟೇರ್ ಆಗುತ್ತದೆ. 2 ಹೆಕ್ಟೇರಿನ ಕಾಮಗಾರಿಗೆ ಐದೂವರೆ ಹೆಕ್ಟೇರಿನ ಕೊಳ ಕಟ್ಟುವವರಿಲ್ಲ. ಆದ್ದರಿಂದ ಪ್ರಾಯೋಗಿಕವಾಗಿ ಎಲ್ಲ ಕೊಳಗಳೂ ಮರಳನ್ನೂ ಗೋಡಿನ ಹೆಚ್ಚಿನ ಭಾಗವನ್ನೂ ಹಿಡಿದು ಜೇಡಿಯನ್ನು ಬಿಟ್ಟುಬಿಡುತ್ತವೆ. ತೂಕದ ಲೆಕ್ಕದಲ್ಲಿ ಮಣ್ಣಿನ ಬಹುಪಾಲನ್ನು ಹಿಡಿದ ಕೊಳದಿಂದಲೂ ಕೆಂಪು ನೀರು ಹೊರಬರುವುದಕ್ಕೆ ಇದೇ ಕಾರಣ. ನೀರಿನ ಬಣ್ಣವನ್ನೂ ಬಗ್ಗಡವನ್ನೂ ಹೆಚ್ಚಾಗಿ ನಿರ್ಧರಿಸುವುದು ಅತಿ ಸಣ್ಣ ಕಣಗಳೇ.

ಗಾತ್ರದ ವಿಷಯದಲ್ಲಿ ಆಯಾ ದೇಶಗಳ ನಿಯಮಗಳು ಸಿದ್ಧ ಅಂಕಿಗಳನ್ನು ಕೊಡುತ್ತವೆ. ಅಮೆರಿಕದ ಒಕ್ಕೂಟ ಸರ್ಕಾರದ ನಿರ್ಮಾಣ ಅನುಮತಿ ಪತ್ರವು ಎರಡು ವರ್ಷಕ್ಕೊಮ್ಮೆ ಬರಬಹುದಾದ 24 ಗಂಟೆಗಳ ಮಳೆಯ ಹರಿವನ್ನು, ಅಥವಾ ನೀರು ಹರಿದುಬರುವ ಪ್ರತಿ ಎಕರೆಗೆ 3,600 ಘನ ಅಡಿ ನೀರನ್ನು ಹಿಡಿಯುವ ಸಾಮರ್ಥ್ಯ ಇರಬೇಕೆನ್ನುತ್ತದೆ. ಇದು ಹೆಕ್ಟೇರಿಗೆ ಸುಮಾರು 252 ಘನ ಮೀಟರ್, ಎಂದರೆ ಇಡೀ ನೆಲದ ಮೇಲೆ 25 ಮಿಲಿಮೀಟರ್ ದಪ್ಪದ ನೀರಿಗೆ ಸಮ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಇಳಿಜಾರು ಹೆಚ್ಚಿರುವ ಸ್ಥಳಗಳಿಗೆ ಹೆಕ್ಟೇರಿಗೆ 300 ಘನ ಮೀಟರ್ ಎಂಬ ಅಳತೆ ರೂಢಿಯಲ್ಲಿದೆ. ಮೇಲಿನ ಉದಾಹರಣೆಯ ಸ್ಥಳಕ್ಕೆ ಅಮೆರಿಕದ ಅಳತೆಯಂತೆ ಸುಮಾರು 504 ಘನ ಮೀಟರ್ ಬೇಕಾಗುತ್ತದೆ. ಇಳಿದ ಹೂಳಿಗೆ ಬೇಕಾದ ಜಾಗವನ್ನು ವಿನ್ಯಾಸದಲ್ಲಿ ಮೊದಲೇ ಲೆಕ್ಕ ಹಿಡಿದಿರಬೇಕು.

ಆಕಾರ ಮತ್ತು ಒಳತಡೆಗಳು

ಲೆಕ್ಕದಲ್ಲಿ ಬಂದ ವಿಸ್ತೀರ್ಣ ನೆಲದ ಮೇಲೆ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆಂದಲ್ಲ. ನೀರು ಒಳಬರುವ ಬಾಯಿ ಮತ್ತು ಹೊರಹೋಗುವ ಬಾಯಿ ಹತ್ತಿರವಿದ್ದರೆ ಬಂದ ನೀರು ನಡುವಿನ ಕಿರುದಾರಿಯಲ್ಲೇ ಸಾಗಿ ಹೊರಬೀಳುತ್ತದೆ; ಮೂಲೆಗಳಲ್ಲಿನ ನೀರು ಸುಮ್ಮನೆ ಸುಳಿಯುತ್ತ ನಿಂತಿರುತ್ತದೆ. ಇದನ್ನು ತಪ್ಪಿಸಲು ಉದ್ದವು ಅಗಲದ ಕನಿಷ್ಠ ಎರಡರಷ್ಟು, ಸಾಧ್ಯವಾದರೆ ಮೂರರಷ್ಟು ಅಥವಾ ಅದಕ್ಕೂ ಹೆಚ್ಚು ಇರುವಂತೆ ನೋಡಿಕೊಳ್ಳುತ್ತಾರೆ. ನೆಲದ ಆಕಾರ ಅದಕ್ಕೆ ಅವಕಾಶ ಕೊಡದಿದ್ದರೆ ಒಳಗೆ ಅಡ್ಡಗೋಡೆಗಳನ್ನು ಹಾಕಿ ನೀರನ್ನು ಹಾವಿನಂತೆ ಬಳಸಿ ಹರಿಯುವಂತೆ ಮಾಡುವುದು ಹಳೆಯ ಪದ್ಧತಿ.

ಇದಕ್ಕಿಂತ ಪರಿಣಾಮಕಾರಿಯಾದುದು ರಂಧ್ರಗಳುಳ್ಳ ಪರದೆಯ ಪದ್ಧತಿ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಕೊಳದ ಅಗಲಕ್ಕೆ ತೆಂಗಿನ ನಾರಿನ ದಪ್ಪ ಬಲೆಯನ್ನು ಸಾಮಾನ್ಯವಾಗಿ ಮೂರು ಸಾಲುಗಳಲ್ಲಿ ಕಟ್ಟಿ ಕೊಳವನ್ನು ನಾಲ್ಕು ಭಾಗಗಳಾಗಿ ಮಾಡುತ್ತಾರೆ. ನೀರು ಒಂದೇ ಧಾರೆಯಾಗಿ ನುಗ್ಗದೆ ಬಲೆಯ ಇಡೀ ಅಗಲದಲ್ಲಿ ಹರಡಿಕೊಂಡು ಸೋಸಿದಂತೆ ಮುಂದೆ ಸಾಗುತ್ತದೆ. ಬಲೆಯ ಕೆಲಸ ಮಣ್ಣನ್ನು ಸೋಸುವುದಲ್ಲ, ನೀರಿನ ಓಟವನ್ನು ತಗ್ಗಿಸಿ ಹಂಚುವುದು. ಮಣ್ಣಿನ ಹೆಚ್ಚಿನ ಪಾಲು ಮೊದಲ ಭಾಗದಲ್ಲೇ ಇಳಿಯುವುದರಿಂದ ಹೂಳೆತ್ತುವುದಕ್ಕೂ ಇದು ಅನುಕೂಲ. ನೀರು ಒಳಬರುವಲ್ಲಿ ಪ್ರತ್ಯೇಕವಾದ ಸಣ್ಣ ಗುಂಡಿಯೊಂದನ್ನು ಮಾಡಿ ದಪ್ಪ ಮರಳನ್ನು ಅಲ್ಲೇ ತಡೆಯುವ ಕ್ರಮವೂ ಹಲವೆಡೆ ಇದೆ. ಒಳಬಾಯಿಗೆ ದಪ್ಪ ಕಲ್ಲುಗಳನ್ನು ಹಾಸದಿದ್ದರೆ ನುಗ್ಗುವ ನೀರು ಕೊಳದ ದಡವನ್ನೇ ಕೊರೆದು ತಾನು ತಡೆಯಬೇಕಾದ ಹೂಳನ್ನು ತಾನೇ ಉಂಟುಮಾಡುತ್ತದೆ.

ನೀರನ್ನು ಹೊರಬಿಡುವ ವ್ಯವಸ್ಥೆ

ಕೆರೆಯ ತೂಬು ತಳದ ಹತ್ತಿರದ ನೀರನ್ನು ಗದ್ದೆಗೆ ಬಿಡುವಂತೆ ರಚಿತವಾಗಿರುತ್ತದೆ. ಹೂಳು ತಡೆ ಕೊಳದಲ್ಲಿ ಹಾಗೆ ಮಾಡಿದರೆ ಅತ್ಯಂತ ಕೆಸರಾದ ನೀರೇ ಮೊದಲು ಹೊರಬರುತ್ತದೆ. ಹಿಂದೆ ಬಳಕೆಯಲ್ಲಿದ್ದ ವಿಧಾನವೆಂದರೆ ಕೊಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೊಳವೆಗೆ ಮೇಲಿನಿಂದ ಕೆಳಗಿನವರೆಗೂ ರಂಧ್ರಗಳನ್ನು ಕೊರೆದು ಸುತ್ತ ಜಲ್ಲಿ ಹಾಕುವುದು. ಎಲ್ಲ ಮಟ್ಟಗಳಿಂದಲೂ ನೀರು ಹೊರಹೋಗುವುದರಿಂದ ಇಳಿಯುತ್ತಿರುವ ಕಣಗಳೂ ಅದರೊಡನೆ ಹೋಗುತ್ತವೆ. ಜಲ್ಲಿಯ ಸಂದುಗಳು ಬೇಗ ಕಟ್ಟಿಕೊಳ್ಳುತ್ತವೆ.

ಈಗಿನ ವಿನ್ಯಾಸಗಳಲ್ಲಿ ತೇಲುವ ತೂಬಿಗೆ ಆದ್ಯತೆ. ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಕೊಳವೆಗೆ ಗೊತ್ತಾದ ಅಳತೆಯ ರಂಧ್ರವಿದ್ದು, ಅದು ಬಾಗುವ ಕೀಲಿನ ಮೂಲಕ ಹೊರಗಿನ ಕೊಳವೆಗೆ ಸೇರಿರುತ್ತದೆ. ನೀರಿನ ಮಟ್ಟ ಏರಿದಂತೆ ತೂಬೂ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಯಾವಾಗಲೂ ಮೇಲಿನ ತಿಳಿನೀರನ್ನಷ್ಟೇ ತೆಗೆದುಕೊಳ್ಳುತ್ತದೆ. ಇದರ ಇನ್ನೊಂದು ಗುಣವೆಂದರೆ ರಂಧ್ರದ ಮೇಲಿರುವ ನೀರಿನ ಎತ್ತರ ಬದಲಾಗದಿರುವುದರಿಂದ ಹೊರಹರಿವು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರುವುದು. ಮೇಲಿನ ಉದಾಹರಣೆಯ 504 ಘನ ಮೀಟರ್ ನೀರು ಮೂರು ದಿನಗಳಲ್ಲಿ ಖಾಲಿಯಾಗಬೇಕಾದರೆ ಸೆಕೆಂಡಿಗೆ ಎರಡು ಲೀಟರಿಗಿಂತ ತುಸು ಕಡಿಮೆ ಹರಿವು ಸಾಕು. ರಂಧ್ರದ ಮೇಲೆ 10 ಸೆಂಟಿಮೀಟರ್ ನೀರಿದ್ದರೆ ಸುಮಾರು 54 ಮಿಲಿಮೀಟರ್ ವ್ಯಾಸದ ಒಂದೇ ರಂಧ್ರ ಅಷ್ಟನ್ನು ಬಿಡುತ್ತದೆ. ಒಳಗೆ ಬರುವುದು ಸೆಕೆಂಡಿಗೆ 167 ಲೀಟರ್, ಹೊರಹೋಗುವುದು ಎರಡು ಲೀಟರ್ ಎಂಬ ಈ ಅಂತರವೇ ಕೊಳದ ಕೆಲಸ. ಆಕ್ಲೆಂಡಿನಲ್ಲಿ ಇದೇ ತತ್ತ್ವದ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ತೇಲುವ ಕೊಳವೆಗಳನ್ನು ಬಳಸುತ್ತಾರೆ. ಅಲ್ಲಿ ಹೆಕ್ಟೇರಿಗೆ ಸೆಕೆಂಡಿಗೆ ಮೂರು ಲೀಟರ್ ಹೊರಬಿಡುವುದು ರೂಢಿ, ಮತ್ತು ಕೊಳದ ಸಾಮರ್ಥ್ಯದ ಶೇಕಡ 30ರಷ್ಟು ನೀರನ್ನು ತಳದಲ್ಲಿ ಹಾಗೆಯೇ ಉಳಿಸಲಾಗುತ್ತದೆ. ಅಮೆರಿಕದಲ್ಲಿ 2009ರ ಡಿಸೆಂಬರಿನಲ್ಲಿ ಪ್ರಕಟವಾದ ಒಕ್ಕೂಟ ನಿಯಮವು, ಅಸಾಧ್ಯವೆನಿಸಿದ ಹೊರತು, ಮೇಲ್ಮೈಯಿಂದಲೇ ನೀರು ತೆಗೆಯುವ ಏರ್ಪಾಡನ್ನು ಕಡ್ಡಾಯಗೊಳಿಸಿತು.

ಏರಿ ಮತ್ತು ಕೋಡಿ

ಕೊಳ ತಾತ್ಕಾಲಿಕವೆಂಬ ಕಾರಣಕ್ಕೆ ಏರಿಯನ್ನು ಅಗೆದ ಮಣ್ಣಿನ ರಾಶಿಯಂತೆ ಸುರಿದುಬಿಡುವುದು ಕಾಮಗಾರಿಗಳಲ್ಲಿ ಕಾಣುವ ಅಪಾಯಕಾರಿ ರೂಢಿ. 500 ಘನ ಮೀಟರ್ ನೀರಿನ ತೂಕ 500 ಟನ್. ಏರಿ ಒಡೆದರೆ ಅಷ್ಟೂ ನೀರು ಹಿಡಿದಿಟ್ಟ ಹೂಳಿನೊಡನೆ ಕೆಲವೇ ನಿಮಿಷಗಳಲ್ಲಿ ಕೆಳಗಿನ ಮನೆ, ರಸ್ತೆಗಳ ಮೇಲೆ ನುಗ್ಗುತ್ತದೆ. ಹುಲ್ಲು, ಬೇರು, ಮೇಲ್ಮಣ್ಣುಗಳನ್ನು ತೆಗೆದ ನೆಲದ ಮೇಲೆ 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ ಮಣ್ಣು ಹಾಕಿ, ಹದವಾದ ತೇವದಲ್ಲಿ ದಮ್ಮಸು ಮಾಡಿ ಏರಿಯನ್ನು ಎಬ್ಬಿಸಬೇಕು. ಬದಿಗಳ ಇಳಿಜಾರು ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಅಡ್ಡದೂರ ಇರುವಂತೆ ಇರಬೇಕು. ಏರಿಯ ಮೂಲಕ ಹಾಯುವ ಕೊಳವೆಯ ಹೊರಮೈಯನ್ನು ಅನುಸರಿಸಿ ನೀರು ಜಿನುಗಿ ಮಣ್ಣನ್ನು ಕೊರೆಯುವುದು ಏರಿ ಕುಸಿತದ ಸಾಮಾನ್ಯ ಕಾರಣವಾದ್ದರಿಂದ ಕೊಳವೆಯ ಸುತ್ತಲಿನ ದಮ್ಮಸನ್ನು ಕೈಯಿಂದಲೇ ಮಾಡಿಸುವುದುಂಟು. ನೆಟ್ಟಗೆ ನಿಲ್ಲುವ ಟೊಳ್ಳು ಕೊಳವೆಯ ಬುಡಕ್ಕೆ ಸಾಕಷ್ಟು ಕಾಂಕ್ರೀಟಿನ ಭಾರವಿಲ್ಲದಿದ್ದರೆ ಕೊಳ ತುಂಬಿದಾಗ ಅದು ತೇಲಿ ಕಿತ್ತುಬರುತ್ತದೆ.

ವಿನ್ಯಾಸದ ಮಳೆಗಿಂತ ದೊಡ್ಡ ಮಳೆ ಬಂದಾಗ ನೀರು ಏರಿಯ ತಲೆಯ ಮೇಲೆ ಹರಿಯದಂತೆ ಪ್ರತ್ಯೇಕ ಕೋಡಿ ಇರಲೇಬೇಕು. ಕೋಡಿಯನ್ನು ಸಾಧ್ಯವಾದಷ್ಟೂ ಹೊಸದಾಗಿ ತುಂಬಿದ ಮಣ್ಣಿನಲ್ಲಿ ಬಿಡದೆ ಪಕ್ಕದ ಗಟ್ಟಿ ನೆಲದಲ್ಲಿ ಕಡಿದು, ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಮತ್ತು ಕಲ್ಲು ಹಾಸುತ್ತಾರೆ. ಕೋಡಿ ಹರಿಯುವಾಗಲೂ ನೀರಿನ ಮಟ್ಟಕ್ಕಿಂತ ಏರಿಯ ತಲೆ ಸುಮಾರು 30 ಸೆಂಟಿಮೀಟರಾದರೂ ಎತ್ತರದಲ್ಲಿರಬೇಕು. ಎಷ್ಟು ದೊಡ್ಡ ಮಳೆಗೆ ಕೋಡಿಯನ್ನು ವಿನ್ಯಾಸಗೊಳಿಸಬೇಕೆಂಬುದು ಕೆಳಗೆ ಯಾರು ವಾಸಿಸುತ್ತಿದ್ದಾರೆ ಎಂಬುದನ್ನು ಅವಲಂಬಿಸಿದೆ.

ಜೇಡಿಯ ಸಮಸ್ಯೆ

ತಾವಾಗಿ ಇಳಿಯದ ಕಣಗಳನ್ನು ಇಳಿಸಲು ಇರುವ ಉಪಾಯ ಅವನ್ನು ಒಂದಕ್ಕೊಂದು ಅಂಟಿಸಿ ದೊಡ್ಡದಾಗಿಸುವುದು. ಜೇಡಿಯ ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶ ಇರುವುದರಿಂದ ಅವು ಒಂದನ್ನೊಂದು ದೂಡುತ್ತವೆ. ಪಟಿಕ, ಜಿಪ್ಸಮ್, ಪಾಲಿ ಅಲ್ಯೂಮಿನಿಯಂ ಕ್ಲೋರೈಡ್‌ಗಳು ಆ ಆವೇಶವನ್ನು ತಗ್ಗಿಸಿ ಕಣಗಳು ಕೂಡಿಕೊಳ್ಳುವಂತೆ ಮಾಡುತ್ತವೆ. ಪಾಲಿಅಕ್ರಿಲಮೈಡ್‌ನಂತಹ ಉದ್ದ ಸರಪಳಿಯ ವಸ್ತುಗಳು ಕಣಗಳನ್ನು ಪೋಣಿಸುತ್ತವೆ. ದಕ್ಷಿಣ ಭಾರತದಲ್ಲಿ ಕುಡಿಯುವ ನೀರಿನ ಮಡಕೆಯ ಒಳಮೈಗೆ ಚಿಲ್ಲದ ಬೀಜವನ್ನು ತೇಯ್ದು ಬಗ್ಗಡವನ್ನು ತಿಳಿಯಾಗಿಸುತ್ತಿದ್ದುದೂ ಇದೇ ಬಗೆಯ ಕ್ರಿಯೆಯಿಂದಲೇ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2004ರಲ್ಲಿ ಪ್ರಕಟವಾದ, ‘ನೀಲಿ ಪುಸ್ತಕ’ ಎಂದೇ ಹೆಸರಾದ ಕೈಪಿಡಿಯು ಮಣ್ಣನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. 0.02 ಮಿಲಿಮೀಟರಿಗಿಂತ ಸಣ್ಣ ಕಣಗಳು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರುವ ಒರಟು ಮಣ್ಣಿಗೆ ಹರಿದುಹೋಗುವ ಕೊಳ ಸಾಕು. ಸಣ್ಣ ಕಣಗಳು ಅದಕ್ಕಿಂತ ಹೆಚ್ಚಿರುವ ಮಣ್ಣಿಗೂ ನೀರಿನಲ್ಲಿ ತಾನಾಗಿ ಚದುರಿಹೋಗುವ ಮಣ್ಣಿಗೂ ನೀರನ್ನು ಪೂರ್ತಿ ಹಿಡಿದಿಟ್ಟು, ಅಗತ್ಯವಿದ್ದಾಗ ಜಿಪ್ಸಮ್ ಮೊದಲಾದವನ್ನು ಬೆರೆಸಿ, ತೇಲುವ ಮಣ್ಣು ಲೀಟರಿಗೆ 50 ಮಿಲಿಗ್ರಾಂಗೆ ಇಳಿದ ಮೇಲೆ ಬಿಡುವ ಕೊಳ ಬೇಕು.

ಆಕ್ಲೆಂಡಿನ ಉತ್ತರದ ಹೆದ್ದಾರಿ ಕಾಮಗಾರಿಯ ಪ್ರಯೋಗಗಳಲ್ಲಿ ಬಳಕೆಗೆ ಬಂದ ಏರ್ಪಾಡು ತನ್ನ ಸರಳತೆಯಿಂದಾಗಿ ಗಮನಾರ್ಹ. ಗೊತ್ತಾದ ಅಳತೆಯ ತಟ್ಟೆಯೊಂದರ ಮೇಲೆ ಬಿದ್ದ ಮಳೆನೀರು ಒಂದು ತೊಟ್ಟಿಗೆ ಇಳಿಯುತ್ತದೆ. ಆ ತೊಟ್ಟಿ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣದಲ್ಲಿ ತೇಲುತ್ತಿದ್ದು, ಮಳೆನೀರು ತುಂಬಿದಂತೆ ಮುಳುಗುತ್ತ ಅಷ್ಟೇ ದ್ರಾವಣವನ್ನು ಹೊರಚೆಲ್ಲಿ ಕೊಳಕ್ಕೆ ಬರುವ ಕಾಲುವೆಗೆ ಸೇರಿಸುತ್ತದೆ. ವಿದ್ಯುತ್ತಾಗಲಿ ಪಂಪಾಗಲಿ ಇಲ್ಲದೆ, ಮಳೆ ಎಷ್ಟೋ ಅಷ್ಟೇ ಔಷಧ.

ಆದರೆ ಪ್ರಮಾಣ ತಪ್ಪಿದರೆ ಮದ್ದೇ ವಿಷವಾಗುತ್ತದೆ. ಪಟಿಕವು ನೀರನ್ನು ಆಮ್ಲೀಯಗೊಳಿಸುತ್ತದೆ, ಆಮ್ಲೀಯ ನೀರಿನಲ್ಲಿ ಕರಗಿದ ಅಲ್ಯೂಮಿನಿಯಂ ಮೀನುಗಳಿಗೆ ಮಾರಕ. ಧನ ಆವೇಶದ ಪಾಲಿಮರ್‌ಗಳು ಮೀನಿನ ಕಿವಿರುಗಳಿಗೆ ಅಂಟಿಕೊಳ್ಳುವುದರಿಂದ ಋಣ ಆವೇಶದವುಗಳಿಗೆ ಆದ್ಯತೆ ನೀಡಲಾಗುತ್ತದೆ. ಆಯಾ ಸ್ಥಳದ ಮಣ್ಣು, ನೀರುಗಳೊಡನೆ ಜಾಡಿಯಲ್ಲಿ ಪರೀಕ್ಷಿಸದೆ ಯಾವುದನ್ನೂ ಬಳಸುವಂತಿಲ್ಲ.

ಇದೆಲ್ಲಕ್ಕಿಂತ ಅಗ್ಗದ ಪರಿಹಾರ ಜೇಡಿಯು ನೀರಿಗೆ ಸೇರದಂತೆ ನೋಡಿಕೊಳ್ಳುವುದು: ಇಡೀ ಜಾಗವನ್ನು ಒಮ್ಮೆಲೇ ಅಗೆಯದೆ ಹಂತಹಂತವಾಗಿ ಅಗೆಯುವುದು, ಅಗೆದು ಬಿಟ್ಟ ನೆಲಕ್ಕೆ ಒಣಹುಲ್ಲು ಹೊದಿಸುವುದು, ಮೇಲಿನಿಂದ ಬರುವ ಶುದ್ಧ ನೀರನ್ನು ಕಾಲುವೆ ತೋಡಿ ಬೇರೆಡೆಗೆ ತಿರುಗಿಸುವುದು. ಕೊಳವು ಕೊನೆಯ ತಡೆಯೇ ಹೊರತು ಮೊದಲನೆಯದಲ್ಲ.

ನಿಯಮಗಳು

ಅಮೆರಿಕದಲ್ಲಿ 1972ರ ಶುದ್ಧ ನೀರು ಕಾಯ್ದೆಯ ಅಡಿಯಲ್ಲಿ ನಿರ್ಮಾಣ ಸ್ಥಳದ ಮಳೆನೀರಿಗೆ ಅನುಮತಿ ಪಡೆಯುವ ಪದ್ಧತಿ 1990ರ ನಿಯಮದಿಂದ ಆರಂಭವಾಗಿ, 1999ರ ನಿಯಮದಿಂದ ಒಂದು ಎಕರೆಯಷ್ಟು ಸಣ್ಣ ಕಾಮಗಾರಿಗಳಿಗೂ ವಿಸ್ತರಿಸಿತು. ಹೊರಬಿಡುವ ನೀರಿನ ಬಗ್ಗಡ 280 ಎನ್‌ಟಿಯು ಮೀರಬಾರದೆಂದು 2009ರಲ್ಲಿ ವಿಧಿಸಿದ ಸಂಖ್ಯಾ ಮಿತಿಗೆ ನಿರ್ಮಾಣ ಉದ್ಯಮದಿಂದ ತೀವ್ರ ಆಕ್ಷೇಪ ಬಂದಿತು. ಆ ಮಿತಿಯನ್ನು ಮೊದಲು ತಡೆಹಿಡಿದು 2014ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಸಿಂಗಪುರದಲ್ಲಿ ಮಾತ್ರ ಲೀಟರಿಗೆ 50 ಮಿಲಿಗ್ರಾಂ ತೇಲುಮಣ್ಣಿನ ಮಿತಿ ಕಟ್ಟುನಿಟ್ಟಾಗಿದೆ. ಅಲ್ಲಿ ಬಿದ್ದ ಮಳೆಯ ಬಹುಭಾಗವನ್ನು ಕುಡಿಯುವ ನೀರಿನ ಜಲಾಶಯಗಳಿಗೆ ಸಂಗ್ರಹಿಸುವುದು ಇದರ ಹಿನ್ನೆಲೆ.

ಭಾರತದಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ನಿರ್ಮಿತ ಪ್ರದೇಶದ ಕಟ್ಟಡ ಯೋಜನೆಗಳು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ವ್ಯಾಪ್ತಿಗೆ ಬರುತ್ತವೆ. ಲೀಡ್ ಹಸಿರು ಕಟ್ಟಡ ಪ್ರಮಾಣಪತ್ರ ಬಯಸುವ ಯೋಜನೆಗಳು ಅದರ ನಾಲ್ಕನೆಯ ಆವೃತ್ತಿಯ ಪ್ರಕಾರ ಅಮೆರಿಕದ 2012ರ ನಿರ್ಮಾಣ ಅನುಮತಿ ಪತ್ರವನ್ನು, ಅಥವಾ ಅದಕ್ಕಿಂತ ಕಠಿಣವಾದ ಸ್ಥಳೀಯ ನಿಯಮವನ್ನು ಅನುಸರಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ಇಂತಹ ಕಟ್ಟಡಗಳು ಹಲವಿರುವುದರಿಂದ, ಎಕರೆಗೆ 3,600 ಘನ ಅಡಿ ಎಂಬ ಅಳತೆ ಇಲ್ಲಿಯ ಕಾಮಗಾರಿಗಳಿಗೂ ಆ ದಾರಿಯಿಂದ ಪ್ರಸ್ತುತವಾಗಿದೆ.

ಕರ್ನಾಟಕದ ಸನ್ನಿವೇಶ

ಬೆಂಗಳೂರು ನಗರವು ಎತ್ತರದ ದಿಣ್ಣೆಯ ಮೇಲಿದ್ದು, ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳ ಮೂಲಕ ಇಳಿಯುತ್ತದೆ. ಈ ಕಣಿವೆಗಳ ಕೆರೆಗಳು ಸರಪಳಿಯಂತೆ ರಾಜಕಾಲುವೆಗಳಿಂದ ಜೋಡಣೆಯಾಗಿರುವುದರಿಂದ ಮೇಲ್ಭಾಗದ ಒಂದು ಕಾಮಗಾರಿಯ ಮಣ್ಣು ಹಲವು ಕೆರೆಗಳನ್ನು ತಲಪಬಲ್ಲದು. ನಗರದಲ್ಲಿ ಸಾಮಾನ್ಯವಾಗಿ ಅತಿ ಹೆಚ್ಚು ಮಳೆಯಾಗುವುದು ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚೆ ಬೇಸಿಗೆಯ ಕೊನೆಯಲ್ಲಿ ಗುಡುಗು ಮಳೆ ಅಲ್ಪಕಾಲದಲ್ಲಿ ರಭಸವಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಅಗೆದು ತೆರೆದಿಟ್ಟ ನೆಲಕ್ಕೆ ಮೊದಲು ಎರಗುವುದು ಈ ಮಳೆಯೇ ಆದ್ದರಿಂದ ನೆಲ ಅಗೆಯುವ ಮುನ್ನವೇ ಕೊಳ ಸಿದ್ಧವಾಗಿರಬೇಕು. ದಕ್ಷಿಣದ ಕೆಂಪು ಮಣ್ಣಿಗೂ ಉತ್ತರ ಕರ್ನಾಟಕದ ಕಪ್ಪು ಮಣ್ಣಿಗೂ ಒಂದೇ ವಿನ್ಯಾಸ ಹೊಂದುವುದಿಲ್ಲ. ಕಪ್ಪು ಮಣ್ಣಿನಲ್ಲಿ ಹಿಗ್ಗಿ ಕುಗ್ಗುವ ಜೇಡಿಯ ಪಾಲು ಹೆಚ್ಚು; ಬೇಸಿಗೆಯಲ್ಲಿ ಅದು ಬಿರಿಯುವುದರಿಂದ ಅದರಲ್ಲೇ ಕಟ್ಟಿದ ಏರಿಗೂ ವಿಶೇಷ ಎಚ್ಚರ ಬೇಕಾಗುತ್ತದೆ.

ನಗರದ ಇಕ್ಕಟ್ಟಾದ ನಿವೇಶನಗಳಲ್ಲಿ ಇಷ್ಟು ದೊಡ್ಡ ಕೊಳಕ್ಕೆ ಜಾಗವಿರುವುದಿಲ್ಲ. ಅಲ್ಲಿ ನೆಲಮಾಳಿಗೆಗೆ ತೋಡಿದ ಗುಂಡಿಯೇ ಕೊಳವಾಗುತ್ತದೆ, ಅದರ ಕೆಸರು ನೀರನ್ನು ಪಂಪಿನಿಂದ ಎತ್ತಿ ನೇರವಾಗಿ ರಸ್ತೆಯ ಚರಂಡಿಗೆ ಬಿಡಲಾಗುತ್ತದೆ. ಪಂಪಿನ ಹೀರುಕೊಳವೆಯ ತುದಿಯನ್ನು ತೇಲುವ ಡ್ರಮ್ಮಿಗೆ ಕಟ್ಟಿ ಮೇಲಿನ ನೀರನ್ನಷ್ಟೇ ಎಳೆಯುವುದು ಮತ್ತು ಹೊರಬಿಡುವ ಮುನ್ನ ಒಂದೆರಡು ತೊಟ್ಟಿಗಳಲ್ಲಿ ನಿಲ್ಲಿಸುವುದು ಇಂತಹ ಕಡೆ ಸಾಧ್ಯವಿರುವ ಕನಿಷ್ಠ ಕ್ರಮ.

ನಿರ್ವಹಣೆ ಮತ್ತು ಮುಚ್ಚುವಿಕೆ

ಹೂಳು ತುಂಬಿದ ಕೊಳ ಕೊಳವಲ್ಲ. ಸಾಮರ್ಥ್ಯ ಅರ್ಧಕ್ಕೆ ಇಳಿಯುವ ಮೊದಲೇ ಹೂಳೆತ್ತಬೇಕೆಂಬುದು ಅಮೆರಿಕದ ಅನುಮತಿ ಪತ್ರದ ಷರತ್ತು. ಅದಕ್ಕಾಗಿ ಕೊಳದ ನಡುವೆ ಗುರುತು ಮಾಡಿದ ಗೂಟವನ್ನು ನೆಡುತ್ತಾರೆ. ಎತ್ತಿದ ಹೂಳನ್ನು ಮತ್ತೆ ಮಳೆಗೆ ಕೊಚ್ಚಿಹೋಗುವಲ್ಲಿ ರಾಶಿ ಹಾಕಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕಾಂಕ್ರೀಟು ಯಂತ್ರಗಳನ್ನು ತೊಳೆದ ನೀರು ತೀವ್ರ ಕ್ಷಾರೀಯವಾದುದರಿಂದ ಅದನ್ನು ಈ ಕೊಳಕ್ಕೆ ಬಿಡಬಾರದು, ಅದಕ್ಕೆ ಬೇರೆ ಗುಂಡಿ ಬೇಕು. ಪ್ರತಿ ದೊಡ್ಡ ಮಳೆಯ ನಂತರ ಏರಿಯ ಹೊರಬದಿಯಲ್ಲಿ ಜಿನುಗು, ಕೋಡಿಯಲ್ಲಿ ಕೊರೆತ, ತೂಬಿನ ಬಾಯಲ್ಲಿ ಕಸ ಇವನ್ನು ನೋಡಬೇಕು.

ಕೊಳದ ತಳದ ಕೆಸರು ಮೇಲಿನಿಂದ ಗಟ್ಟಿಯಾಗಿ ಕಂಡರೂ ಕಾಲಿಟ್ಟವರನ್ನು ಹಿಡಿದುಕೊಳ್ಳುತ್ತದೆ. ಕಾರ್ಮಿಕರ ಕುಟುಂಬಗಳು ಕಾಮಗಾರಿಯ ಜಾಗದಲ್ಲೇ ವಾಸಿಸುವ ಭಾರತದಂತಹ ಕಡೆ ಮಕ್ಕಳು ಹತ್ತಿರ ಹೋಗದಂತೆ ಬೇಲಿ, ಸಪಾಟಾದ ದಡ ಮತ್ತು ಎಚ್ಚರಿಕೆ ಫಲಕ ಅತ್ಯಗತ್ಯ. ಮೂರು ದಿನಗಳಲ್ಲಿ ಪೂರ್ತಿ ಖಾಲಿಯಾಗುವ ಕೊಳದಲ್ಲಿ ಸೊಳ್ಳೆಯ ಮರಿಗಳು ಬೆಳೆದು ಹಾರುವಷ್ಟು ಕಾಲ ಸಿಗುವುದಿಲ್ಲ; ತಳದಲ್ಲಿ ನೀರು ಉಳಿಸುವ ವಿನ್ಯಾಸಗಳಿಗೆ ಈ ಅನುಕೂಲವಿಲ್ಲ.

ಮೇಲಿನ ನೆಲವೆಲ್ಲ ಹುಲ್ಲು, ಡಾಂಬರು ಅಥವಾ ಕಟ್ಟಡಗಳಿಂದ ಮುಚ್ಚಿದ ಮೇಲಷ್ಟೇ ಕೊಳವನ್ನು ತೆಗೆಯಬಹುದು. ಕೆಲವು ಯೋಜನೆಗಳಲ್ಲಿ ಹೂಳೆತ್ತಿ ಆಕಾರ ತಿದ್ದಿ ಅದನ್ನು ಬಡಾವಣೆಯ ಶಾಶ್ವತ ಮಳೆನೀರು ಕೊಳವಾಗಿ ಉಳಿಸಿಕೊಳ್ಳುತ್ತಾರೆ. ಆದರೆ ಮುಂದೆ ನೀರಿಂಗಿಸಲು ಗುರುತಿಸಿದ ಗುಂಡಿಯನ್ನು ನಿರ್ಮಾಣದ ಅವಧಿಯಲ್ಲಿ ಹೂಳು ತಡೆ ಕೊಳವಾಗಿ ಬಳಸುವುದು ಸಲ್ಲದು. ಜೇಡಿಯು ತಳದ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿದರೆ ಹೂಳನ್ನು ತೆಗೆದ ಮೇಲೂ ಆ ನೆಲದಲ್ಲಿ ಮೊದಲಿನಂತೆ ನೀರು ಇಂಗುವುದಿಲ್ಲ.